ಕ್ಲಚ್ ಒತ್ತಿದಾಗ ನಿಂತ ಸದ್ದು

ಹೋದ ವಾರ ಗ್ಯಾರೇಜಿನವನೊಬ್ಬ ಚೂರುಬಟ್ಟೆ ಕೇಳಿಕೊಂಡು ನನ್ನ ಹೊಲಿಗೆ ಅಂಗಡಿಗೆ ಬಂದಿದ್ದ. ಬ್ಲೌಸು, ಲಂಗ ಕತ್ತರಿಸಿ ಉಳಿದ ತುಂಡುಗಳನ್ನು ನಾನು ಗೋಣಿಚೀಲಕ್ಕೆ ತುಂಬಿ ಮೂಲೆಯಲ್ಲಿ ಇಟ್ಟಿರುತ್ತೇನೆ. ಕೈ ಒರೆಸಲು, ಎಂಜಿನ್ ಒರೆಸಲು ಗ್ಯಾರೇಜುಗಳಿಗೆ ಅವು ಬೇಕು. ಅವನು ತಂದಿದ್ದ ಖಾಲಿ ಚೀಲವನ್ನು ನನ್ನ ಮುಂದೆಯೇ ಕೊಡವಿದ. ಡೀಸೆಲ್ಲು, ಸುಟ್ಟ ಆಯಿಲು, ಗ್ರೀಸು ಎಲ್ಲ ಕಲೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮೈಯೆಲ್ಲ ಉರಿಯಿತು. "ಚೀಲ ಆಚೆ ಮಡಗಪ್ಪ, ಬಟ್ಟೆಗೆಲ್ಲ ವಾಸ್ನೆ ಹತ್ಕತದೆ" ಎಂದು ಗದರಿದೆ. ತಾನೇನು ತಪ್ಪು ಮಾಡಿದೆನೋ ಎಂದು ಅವನು ಪಿಳಿಪಿಳಿ ನೋಡಿದ. ಅವನ ತಪ್ಪೇನೂ ಇರಲಿಲ್ಲ. ನಾನು ಗದರಬೇಕಾಗಿದ್ದವರು ಬೇರೆ... ಅವರು ಹೋಗಿ ವರ್ಷಗಳೇ ಆದವು.

ಅವರನ್ನು ನಾವೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು. ನಂಜನಗೂಡಿನಲ್ಲಿ ಊಟಿ ರಸ್ತೆಯ ಪಕ್ಕ ಅವರದೊಂದು ತಗಡಿನ ಶೆಡ್ಡಿತ್ತು. ಲಾರಿ ಎಂಜಿನ್ ಕೆಲಸದಲ್ಲಿ ಆ ಕಡೆಯಲ್ಲೆಲ್ಲ ಅವರದು ದೊಡ್ಡ ಹೆಸರು. ನಮ್ಮೆಜಮಾನರು ಮದುವೆಗೆ ಮುಂಚೆಯೇ ಅವರ ಶೆಡ್ಡಿಗೆ ಹೋಗಿಬರುತ್ತಿದ್ದವರು. ಮೇಸ್ತ್ರಿ ನಮ್ಮ ಮದುವೆಗೆ ನನ್ನ ತವರೂರು ಹೆಡತಲೆಗೆ ಬಂದು, ಗಂಡಿನ ಕಡೆಯ ಹಿರಿಯರ ಸಾಲಿನಲ್ಲಿ ನಿಂತು ಅಕ್ಷತೆ ಹಾಕಿದ್ದರು. ನನ್ನ ಮಗಳು ಹುಟ್ಟುವ ದಿನ ಊರಲ್ಲಿ ಒಂದು ಆಟೋವೂ ಸಿಗದೆ ನಾನು ಒದ್ದಾಡುತ್ತಿದ್ದಾಗ, ರಿಪೇರಿಗೆ ಬಂದಿದ್ದ ಯಾರದೋ ಜೀಪಿನಲ್ಲಿ ನನ್ನನ್ನು ಆಸ್ಪತ್ರೆಗೆ ಮುಟ್ಟಿಸಿದವರೂ ಅವರೇ. ಟಿ. ನರಸೀಪುರದ ನಮ್ಮ ಮನೆಗೆ ಬಂದಾಗಲೆಲ್ಲ ರಸಬಾಳೆ ತರುತ್ತಿದ್ದರು, ಹೋಗುವಾಗ ನನ್ನ ಚೂರುಬಟ್ಟೆಯ ಚೀಲ ಹೊತ್ತುಕೊಂಡು ಹೋಗುತ್ತಿದ್ದರು. ಬಸ್ಸಾರು ಮುದ್ದೆ ಮಾಡಿದ ದಿನವಂತೂ ಉಂಡು, ಕೈ ತೊಳೆದು, ಜಗಲಿಯ ಮೇಲೆ ಒಂದು ನಿದ್ದೆ ತೆಗೆದೇ ಏಳುತ್ತಿದ್ದರು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಅವರು ಕೆಟ್ಟವರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಆಗ ನಮ್ಮೆಜಮಾನರು ಮತ್ತು ಅವರ ಅಣ್ಣ, ಅಂದರೆ ನಮ್ಮ ಭಾವನವರು, ಸೇರಿ ಒಂದು ಹಳೆಯ ಲಾರಿ ಇಟ್ಟುಕೊಂಡಿದ್ದರು. ಭಾವನವರು ಬಾಡಿಗೆ ಹಿಡಿಯುತ್ತಿದ್ದರು, ಇವರು ಓಡಿಸುತ್ತಿದ್ದರು. ಸೋಸಲೆ ಕಡೆಯ ಇಟ್ಟಿಗೆ ಗೂಡುಗಳಿಂದ ಇಟ್ಟಿಗೆ ತುಂಬಿಕೊಂಡು ಮೈಸೂರು, ನಂಜನಗೂಡು ಅಂತ ತಿರುಗಾಟ. ಗಾಡಿ ಹಳೆಯದಾದರೂ ಇವರು ಅದನ್ನು ಮನೆಯ ಹಸುವಿನಂತೆ ನೋಡಿಕೊಳ್ಳುತ್ತಿದ್ದರು. ದಿನಾ ಬೆಳಿಗ್ಗೆ ಕಾಫಿ ಕುಡಿಯುವುದಕ್ಕೂ ಮುಂಚೆ ನನ್ನ ಹತ್ತಿರ ಒಂದು ಚೂರುಬಟ್ಟೆ ಕೇಳುತ್ತಿದ್ದರು. ಅದು ಆಯಿಲ್ ನೋಡುವ ಕಡ್ಡಿ ಒರೆಸುವುದಕ್ಕೆ. ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿ, ಆಯಿಲ್ ಸರಿಯಾಗಿದ್ದರೆ ಮಾತ್ರ ಗಾಡಿ ಹೊರಡುತ್ತಿತ್ತು. ಅವರು ಒರೆಸಿ ಬಿಸಾಡಿದ ಬಟ್ಟೆಗಳು ಹಿತ್ತಲ ಬೇಲಿಯಲ್ಲಿ ಬಣ್ಣಬಣ್ಣವಾಗಿ ಸಿಕ್ಕಿಕೊಂಡಿರುತ್ತಿದ್ದವು.

ಆ ಲಾರಿಯ ಕ್ಲಚ್ ಕೆಲಸವನ್ನು ಮೇಸ್ತ್ರಿಯೇ ಮಾಡಿಕೊಟ್ಟಿದ್ದರು. ಅದಾಗಿ ಕೆಲವು ವಾರಗಳಿಗೆ ಎಂಜಿನ್ನಿನಲ್ಲಿ ಒಂದು ಸದ್ದು ಶುರುವಾಯಿತು.

ಮೊದಲು ನಾನು ಕೇಳಿದ್ದು ತವರಿಗೆ ಹೋಗುವ ದಿನ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕ್ಯಾಬಿನ್ನಿನಲ್ಲಿ ಕೂತಿದ್ದೆ. ಗಾಡಿ ನಿಂತಲ್ಲೇ ಎಂಜಿನ್ ಓಡುತ್ತಿದ್ದಾಗ ಒಳಗಿನಿಂದ ಯಾರೋ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದಂತೆ ಟೊಕ್, ಟೊಕ್ ಎನ್ನುತ್ತಿತ್ತು. ವೇಗ ಹಿಡಿದರೆ ಆ ಸದ್ದು ಎಂಜಿನ್ ಗದ್ದಲದಲ್ಲಿ ಮುಚ್ಚಿಹೋಗುತ್ತಿತ್ತು, ಆದರೆ ನಡುಕ ಬಿಡುತ್ತಿರಲಿಲ್ಲ. ಕಾಲ ಕೆಳಗಿನ ತಗಡು ಅದುರಿ ನನ್ನ ಅಂಗಾಲು ಜುಮುಗುಟ್ಟುತ್ತಿತ್ತು. ಗೇರ್ ರಾಡು ಕುಣಿಯುತ್ತಿತ್ತು. ಇವರ ಮುಖದಲ್ಲಿ ನಗುವಿರಲಿಲ್ಲ. "ಏನೋ ಸಡ್ಲ ಆಗೈತೆ ಕಣೆ. ಎಲ್ಲೀಂತ ಗೊತ್ತಾಯ್ತಿಲ್ಲ" ಎಂದರು. ದಾರಿಯಲ್ಲಿ ಹಸುಗಳು ಅಡ್ಡಬಂದು ಗಾಡಿ ನಿಲ್ಲಿಸಿದಾಗ ನಾನೊಂದು ಗಮನಿಸಿದೆ. ಇವರು ಕ್ಲಚ್ ಒತ್ತಿ ಹಿಡಿದಷ್ಟು ಹೊತ್ತೂ ಸದ್ದಿರಲಿಲ್ಲ. ಕಾಲು ಎತ್ತಿದ ಕೂಡಲೆ ಮತ್ತೆ ಟೊಕ್, ಟೊಕ್. ಹಗಲೆಲ್ಲ ಹೊಲಿಗೆ ಮೆಷಿನ್ನಿನ ಮುಂದೆ ಕೂತಿರುವವಳಿಗೆ ಇಂಥದ್ದು ತಾನಾಗಿ ಕಿವಿಗೆ ಬೀಳುತ್ತದೆ. ಇವರಿಗೆ ಹೇಳಿದೆ. ಇವರು ಎರಡು ಮೂರು ಸಲ ಒತ್ತಿ ಬಿಟ್ಟು ನೋಡಿ, "ಹೂಂ, ದಿಟ. ಮೇಸ್ತ್ರಿಗೆ ಏಳಾನ" ಎಂದರು.

ಅಂದು ಮಧ್ಯಾಹ್ನವೇ ಶೆಡ್ಡಿಗೆ ಹೋದೆವು. ಅಲ್ಲಿ ಒಬ್ಬ ದೊಡ್ಡ ಟ್ರಾನ್ಸ್‌ಪೋರ್ಟ್ ಸಾಹುಕಾರರು ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗಳಿಗೆ ಅವರ ಲಾರಿಗಳು ಓಡುತ್ತಿದ್ದವು. ಅಷ್ಟೂ ಗಾಡಿಗಳ ಕೆಲಸವನ್ನು ಮೇಸ್ತ್ರಿಗೆ ಒಪ್ಪಿಸುವ ಮಾತು ನಡೆಯುತ್ತಿತ್ತಂತೆ. ಮೇಸ್ತ್ರಿ ಅವತ್ತು ಒಗೆದ ಅಂಗಿ ಹಾಕಿಕೊಂಡಿದ್ದರು.

ನಮ್ಮ ಗಾಡಿಯ ಎಂಜಿನ್ ಓಡುತ್ತಿರುವಂತೆಯೇ ಅವರು ಡೀಸೆಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ನೋಡಿದರು. ಹಾಗೆ ಮಾಡಿದರೆ ಆ ಸಿಲಿಂಡರಿಗೆ ಡೀಸೆಲ್ ಹೋಗುವುದಿಲ್ಲ. ಸದ್ದು ಅಲ್ಲಿಯದೇ ಆಗಿದ್ದರೆ ಕಡಿಮೆಯಾಗುತ್ತದೆ. ಒಂದೊಂದು ನಟ್ಟು ಸಡಿಲಿಸಿದಾಗಲೂ ಎಂಜಿನ್ ಕುಂಟಿತೇ ಹೊರತು ಆ ಟೊಕ್ ಟೊಕ್ ಎಳ್ಳಷ್ಟೂ ಬದಲಾಗಲಿಲ್ಲ. "ಮೇಸ್ತ್ರಿ, ಕ್ಲಚ್ ಒತ್ತುದ್ರೆ ನಿಂತೋಯ್ತದೆ" ಎಂದು ಇವರು ಕೆಳಗಿನಿಂದ ಹೇಳಿದರು. ಮೇಸ್ತ್ರಿ ಕ್ಯಾಬಿನ್ ಹತ್ತಿದರು. ನಾನು ಬಾಗಿಲ ಪಕ್ಕದಲ್ಲೇ ನಿಂತಿದ್ದೆ. ಅವರು ಕ್ಲಚ್ ಒತ್ತಿದರು. ಸದ್ದು ನಿಂತಿತು. ಬಿಟ್ಟರು. ಬಂತು. ಇನ್ನೊಮ್ಮೆ ಒತ್ತಿದರು. ಆಮೇಲೆ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತರು. ಅವರ ಮುಖದಲ್ಲಿ ಏನೋ ಆಯಿತು... ಬೇರೆಯವರ ಮನೆಯ ಪಾತ್ರೆ ಕೈಜಾರಿ ಒಡೆದು ಹೋದಾಗ ನೋಡುತ್ತೇವಲ್ಲ, ಹಾಗೆ ಒಮ್ಮೆ ಸಾಹುಕಾರರ ಕುರ್ಚಿಯ ಕಡೆ ನೋಡಿದರು. ಅದು ಯಾಕೆಂದು ನನಗೆ ಆಗ ಅರ್ಥವಾಗಲಿಲ್ಲ. ಆ ಮುಖವನ್ನು ಮಾತ್ರ ನಾನು ಇವತ್ತಿಗೂ ಮರೆತಿಲ್ಲ.

"ಗಾಡಿ ಬುಟ್ಟೋಗ್ಲಾ. ಬಿಚ್ಚಿ ನೋಡ್ಬೇಕು" ಎಂದರು ಮೇಸ್ತ್ರಿ. ಇವರು ಬಿಟ್ಟು ಬಂದರು.

ಕೆಲವು ದಿನ ಬಿಟ್ಟು ಬರಹೇಳಿ ಕಳಿಸಿದರು. ನಮಗೆ ಮಾತ್ರವಲ್ಲ, ಭಾವನವರಿಗೂ. ಎಂಜಿನ್ ಕೆಲಸವೆಂದರೆ ಸಣ್ಣದಲ್ಲ, ಅದಕ್ಕೇ ಇಬ್ಬರನ್ನೂ ಕರೆದಿದ್ದಾರೆ ಎಂದುಕೊಂಡೆವು. ನಾನೂ ಜೊತೆಗೆ ಹೋದೆ. ಶೆಡ್ಡಿನಲ್ಲಿ ಅದೇ ಸಾಹುಕಾರರು, ಅವರ ಡ್ರೈವರುಗಳು, ನಮ್ಮ ಗೂಡಿನ ಕಡೆಯ ಇಬ್ಬರು ಲಾರಿಯವರು ಇದ್ದರು. ಮೇಸ್ತ್ರಿ ಒಂದು ಬಟ್ಟೆಯ ಮೇಲೆ ಬೇರಿಂಗ್ ಇಟ್ಟು ತಂದರು. ಬಳೆಯನ್ನು ಅರ್ಧ ಮಾಡಿದಂತಿರುವ ಅಗಲದ ಲೋಹದ ಪಟ್ಟಿ ಅದು. ಮೇಲಿನ ಪದರ ಕಿತ್ತುಹೋಗಿ ಕೆಳಗಿನ ತಾಮ್ರ ಕಾಣುತ್ತಿತ್ತು. ಅದನ್ನು ಭಾವನವರ ಕೈಗಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದರು.

"ನೋಡಪ್ಪಾ, ನಿನ್ ತಮ್ಮನ್ ಕೆಲ್ಸ. ಆಯಿಲ್ ನೋಡ್ದೆ ಗಾಡಿ ಓಡ್ಸವ್ನೆ. ಬೇರಿಂಗ್ ಸುಟ್ಟೋಗದೆ. ಇನ್ನೊಂದೆಲ್ಡು ಟ್ರಿಪ್ ಓಡ್ಸಿದ್ರೆ ಎಂಜಿನ್ನೇ ಇರ್ತಿರ್ನಿಲ್ಲ."

ಇವರು ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು. ನನಗೆ ತಡೆಯಲಾಗಲಿಲ್ಲ. "ದಿನಾ ಬೆಳಗ್ಗೆ ನನ್ ಕೈಲೇ ಬಟ್ಟೆ ಈಸ್ಕಂಡು ಆಯಿಲ್ ನೋಡ್ತಾರೆ. ಬೇಕಾದ್ರೆ ನಮ್ ಇತ್ಲು ಬೇಲಿ ಬಂದು ನೋಡಿ" ಎಂದೆ. ಯಾರೋ ನಕ್ಕರು. ಮೇಸ್ತ್ರಿ ನನ್ನ ಮುಖ ನೋಡದೆ, "ಎಂಗುಸ್ರಿಗೆ ಎಂಜಿನ್ ಇಸ್ಯ ಗೊತ್ತಾಗಲ್ಲ ಬುಡವ್ವ" ಎಂದರು. ನಾನು ಕ್ಲಚ್ಚಿನ ಮಾತೆತ್ತಿದೆ. ಭಾವನವರು, "ನೀನ್ ಸುಮ್ಕಿರವ್ವ" ಎಂದು ಗದರಿ, ಇವರ ಮುಂದೆ ಕೈ ಚಾಚಿ, "ಕೀಲಿ ಕೊಡ್ಲಾ" ಎಂದರು.

ಅಷ್ಟು ಜನರ ಎದುರು ಇವರು ಜೇಬಿನಿಂದ ಕೀಲಿ ತೆಗೆದು ಅಣ್ಣನ ಕೈಗೆ ಹಾಕಿದರು. ಮೇಸ್ತ್ರಿ ಬಗ್ಗಿ ಏನೋ ಸ್ಪ್ಯಾನರ್ ಹುಡುಕುತ್ತಿದ್ದರು.

ಆಮೇಲೆ ಸದ್ದು ಹೋಯಿತು. ಹೊಸ ಬೇರಿಂಗ್ ಹಾಕಿದರೆಂದು ಎಲ್ಲರೂ ನಂಬಿದರು. ಭಾವನವರು ಬೇರೆ ಡ್ರೈವರನ್ನು ಇಟ್ಟುಕೊಂಡರು. ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು, ಆಮೇಲೆ ಒಲೆಯೂ ಬೇರೆಯಾಯಿತು. "ಆಯಿಲ್ ಇಲ್ದೆ ಗಾಡಿ ಓಡ್ಸೋನು" ಎಂಬ ಮಾತು ಗೂಡಿನಿಂದ ಗೂಡಿಗೆ ಹೋಯಿತು. ಲಾರಿಯವರ ನಡುವೆ ಇಂಥ ಮಾತು ಬಂದರೆ ಮುಗಿಯಿತು, ಯಾರೂ ಸ್ಟೇರಿಂಗ್ ಕೊಡುವುದಿಲ್ಲ. ಕೇಳಿದ ಕಡೆಯಲ್ಲೆಲ್ಲ ಇಲ್ಲ ಎನಿಸಿಕೊಂಡು ಕೊನೆಗೆ ಇವರು ಅದೇ ಗೂಡಿನಲ್ಲಿ ಇಟ್ಟಿಗೆ ಹೊರಲು ನಿಂತರು. ಬೇರೆಯವರ ಲಾರಿಗೆ ಇಟ್ಟಿಗೆ ತುಂಬುವುದು... ನಮ್ಮ ಲಾರಿಯೇ ಬಂದು ನಿಂತರೆ ಅದಕ್ಕೂ ತುಂಬುವುದು. ಸಂಜೆ ಮನೆಗೆ ಬಂದು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಬೆರಳ ತುದಿ ಸವೆದು ಅನ್ನ ಕಲೆಸಿದರೆ ಉರಿಯುತ್ತಿತ್ತು. ಒಂದು ದಿನವೂ ಮೇಸ್ತ್ರಿಯನ್ನು ಬೈಯಲಿಲ್ಲ. "ನಾನೇ ಎಲ್ಲೋ ಎಡವಿರಬೇಕು" ಎನ್ನುತ್ತಿದ್ದರು. ಬರಬರುತ್ತಾ ಅದನ್ನು ನಂಬತೊಡಗಿದರು. ಕಣ್ಣಾರೆ ನೋಡಿದ್ದ ನನ್ನನ್ನೇ, "ನಾನು ದಿನಾ ಆಯಿಲ್ ನೋಡ್ತಿದ್ನಲ್ವಾ?" ಎಂದು ಕೇಳುತ್ತಿದ್ದರು. ಒಬ್ಬ ಮನುಷ್ಯ ತಾನು ದಿನಾ ಮಾಡಿದ ಕೆಲಸವನ್ನು ತಾನೇ ಅನುಮಾನಿಸುವಂತೆ ಮಾಡುವುದಿದೆಯಲ್ಲ, ಅದಕ್ಕಿಂತ ಇವರ ಕೈಬೆರಳು ಸವೆದದ್ದೇ ವಾಸಿ ಎನಿಸುತ್ತಿತ್ತು ನನಗೆ.

ವರ್ಷಗಳು ಕಳೆದವು. ಭಾವನವರು ಲಾರಿಯನ್ನು ನಮ್ಮೂರಿನವರೊಬ್ಬರಿಗೆ ಮಾರಿದರು. ಕೊಂಡವರು ಎಂಜಿನ್ ಪೂರ್ತಿ ಬಿಚ್ಚಿಸಲು ಟಿ. ನರಸೀಪುರದ ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜಿಗೆ ಬಿಟ್ಟರು. ಅಲ್ಲಿಯ ಮೆಕ್ಯಾನಿಕ್ ಇವರಿಗೆ ಪರಿಚಯದವನು. ಒಂದು ದಿನ ನನ್ನ ಅಂಗಡಿಗೇ ಬಂದು, "ಅಕ್ಕ, ಅಣ್ಣನ್ನ ಕರ್ಕೊಂಡು ಒಂದ್ಗಳಿಗೆ ಬನ್ನಿ" ಎಂದ. ಹೋದೆವು. ನಮ್ಮ ಎಂಜಿನ್ ನೆಲದ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು.

"ಬೇರಿಂಗ್ ಬದ್ಲಾಯ್ಸಿದ್ರು ಅಂದ್ರಲ್ಲ, ಯಾರು ಬದ್ಲಾಯ್ಸಿದ್ದು?" ಎಂದು ಕೇಳಿದ. "ಇದು ಫ್ಯಾಕ್ಟ್ರಿಯಿಂದ ಬಂದಾಗ ಆಕಿದ್ ಬೇರಿಂಗೇ ಕಣಣ್ಣ. ಎಂಜಿನ್ ತಳ ಒಂದ್ಸಲವೂ ಬಿಚ್ಚಿಲ್ಲ. ಸುಟ್ಟಿರೋ ಗುರ್ತೇ ಇಲ್ಲ."

ಆಮೇಲೆ ಎಂಜಿನ್ನಿನ ಹಿಂಭಾಗ ತೋರಿಸಿದ. ಅಲ್ಲಿ ಫ್ಲೈವೀಲ್ ಎಂಬ ಭಾರದ ಚಕ್ರವನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಬೋಲ್ಟುಗಳು ತಿರುಗಿ ಸಡಿಲವಾಗದ ಹಾಗೆ ತೆಳುವಾದ ಒಂದು ಲಾಕ್ ಪ್ಲೇಟನ್ನು ಅವುಗಳ ತಲೆಗೆ ಮಡಚಬೇಕು. ಬೋಲ್ಟಿನ ತೂತುಗಳು ಸವೆದು ಅಗಲವಾಗಿದ್ದವು. ಯಾರೋ ಕ್ಲಚ್ ಕೆಲಸ ಮಾಡಿದಾಗ ಲಾಕ್ ಪ್ಲೇಟ್ ಮಡಚದೆ ಬಿಟ್ಟಿದ್ದಾರೆ, ಚಕ್ರ ಅಲ್ಲಾಡಿ ಬಡಿದಿದೆ, ಆಮೇಲೆ ಯಾರೋ ಹೊಸ ಬೋಲ್ಟ್ ಹಾಕಿ ಬಿಗಿದಿದ್ದಾರೆ ಎಂದ. ಕ್ಲಚ್ ಒತ್ತಿದಾಗ ಚಕ್ರದ ಮೇಲೆ ಒತ್ತಡ ಬಿದ್ದು ಸದ್ದು ನಿಲ್ಲುತ್ತಿತ್ತೇ ಎಂದು ಅವನೇ ಕೇಳಿದ. ಇವರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಆ ಹಳೆಯ ಬೇರಿಂಗ್ ಮೇಲೆ ಬೆರಳಾಡಿಸುತ್ತಿದ್ದರು. ಕಣ್ಣಲ್ಲಿ ನೀರು ತುಂಬಿತ್ತು. "ಚೆನ್ನಾಗದೆ" ಎಂದರು. "ನೋಡು, ಚೆನ್ನಾಗೇ ಅದೆ."

ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ ನಾನೊಬ್ಬಳೇ ನಂಜನಗೂಡಿನ ಬಸ್ ಹತ್ತಿದೆ. ಶೆಡ್ಡು ದೊಡ್ಡದಾಗಿತ್ತು. ಸಾಹುಕಾರರ ಲಾರಿಗಳು ಸಾಲಾಗಿ ನಿಂತಿದ್ದವು. ಮೇಸ್ತ್ರಿ ನನ್ನನ್ನು ನೋಡಿ, "ಬಾರವ್ವ, ಮಗಳು ಚೆನ್ನಾಗವ್ಳಾ?" ಎಂದರು. "ಅವತ್ತು ತೋರ್ಸಿದ್ರಲ್ಲ ಬೇರಿಂಗು, ಅದು ಯಾರ್ ಗಾಡೀದು ಮೇಸ್ತ್ರಿ?" ಎಂದೆ. ಅವರ ಮುಖ ಬಿಳಿಚಿತು. ಕೆಲಸದವರನ್ನೆಲ್ಲ ಟೀ ಕುಡಿದು ಬರಲು ಕಳಿಸಿದರು. ಆಮೇಲೆ ಒಂದು ಟೈರಿನ ಮೇಲೆ ಕೂತರು.

"ಕ್ಲಚ್ ಒತ್ತಿದ್ ತಕ್ಷಣ್ವೇ ಗೊತ್ತಾಯ್ತು ಕಣವ್ವ. ನನ್ ಕೈ ಕೆಲ್ಸವೇ ಅದು. ಲಾಕ್ ಪ್ಲೇಟ್ ಮಡ್ಚೋದು ಮರ್ತಿದ್ದೆ. ಅವತ್ತು ಸಾವ್ಕಾರ್ರು ಅಲ್ಲೇ ಕೂತಿದ್ರು... ಇಂಥವನ್ ಕೈಗೆ ಗಾಡಿ ಕೊಡೋದಾ ಅಂದ್ಕಂಡಾರು ಅಂತ ಎದ್ರಿಕೆ ಆಯ್ತು."

"ಬೋಲ್ಟ್ ಸಡ್ಲ ಆಗಿತ್ತು ಬಿಗ್ದೆ ಅಂದಿದ್ರೆ ಆಯ್ತಿತ್ತಲ್ಲ. ನಮ್ಮೋರ ಮೇಲೆ ಯಾಕೆ ಆಕಿದ್ರಿ? ನಿಮ್ ಮಗನಂಗೆ ಇದ್ರಲ್ಲ ಅವರು."

ಮೇಸ್ತ್ರಿ ತಲೆ ಬಗ್ಗಿಸಿಕೊಂಡೇ ಹೇಳಿದರು. "ಅದ್ಕೇ ಕಣವ್ವ. ಬೇರೆಯವ್ನಾದ್ರೆ ತಿರುಗ್ಸಿ ಮಾತಾಡವ್ನು. ಅವ್ನು ಏನೂ ಅನ್ನಲ್ಲ ಅಂತ ಗೊತ್ತಿತ್ತು."

ಈ ಒಂದು ಮಾತಿಗೆ ನನ್ನ ಹತ್ತಿರ ಇವತ್ತಿಗೂ ಕ್ಷಮೆ ಇಲ್ಲ. ಅವರು ನಮ್ಮೆಜಮಾನರನ್ನು ಆರಿಸಿಕೊಂಡದ್ದು ದ್ವೇಷದಿಂದಲ್ಲ. ಇವರ ಪ್ರೀತಿ, ಇವರ ಮರ್ಯಾದೆ, ಇವರು ಹಿರಿಯರೆದುರು ದನಿ ಎತ್ತದಿರುವುದು, ಇವನ್ನೆಲ್ಲ ಲೆಕ್ಕ ಹಾಕಿ, ಇವನ ಮೇಲೆ ಹಾಕಿದರೆ ಹೊರುತ್ತಾನೆ ಎಂದು ನೋಡಿ ಹಾಕಿದರು. ಕೈ ಮುಗಿಯುವವನ ತಲೆಯ ಮೇಲೇ ಕಲ್ಲು ಎತ್ತಿ ಹಾಕಿದರು. ನಾನು ಅಲ್ಲಿ ಅಳಲಿಲ್ಲ. "ಗೂಡಿನತ್ರ ಬಂದು, ಭಾವನೋರು, ಡ್ರೈವರ್ಗಳು ಎಲ್ಲಾರ್ ಎದುರ್ಗೂ ಇದನ್ನೇ ಏಳಿ" ಎಂದೆ. "ಬತ್ತೀನಿ ಕಣವ್ವ" ಎಂದರು.

ಬಂದರು, ಆದರೆ ಗೂಡಿಗಲ್ಲ, ಮನೆಗೆ. ಒಂದು ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಯಾರೂ ಇಲ್ಲದ್ದು ನೋಡಿಕೊಂಡು ಒಳಗೆ ಬಂದು, ಇವರ ಪಕ್ಕ ಕೂತು, ಅಡುಗೆಮನೆಯಲ್ಲಿದ್ದ ನನಗೂ ಕೇಳದಷ್ಟು ಮೆಲ್ಲಗೆ ಹೇಳಿಕೊಂಡರು. ನಾನು ಆಚೆ ಬರುವಷ್ಟರಲ್ಲಿ ಇವರು ಅವರ ಎರಡೂ ಕೈ ಹಿಡಿದುಕೊಂಡು, "ಬುಡಿ ಮೇಸ್ತ್ರಿ, ಆಗೋಯ್ತು" ಎನ್ನುತ್ತಿದ್ದರು. ಇವರೇ ಅವರಿಗೆ ಸಮಾಧಾನ ಹೇಳುತ್ತಿದ್ದರು. "ಇಲ್ಲಿ ಬ್ಯಾಡ. ಏಳಿ, ಗೂಡಿಗೆ ಓಗಾನ" ಎಂದೆ. ಮೇಸ್ತ್ರಿ ಎದ್ದು ನಿಂತು ಕೈ ಮುಗಿದರು. "ಈ ವಯಸ್ನಲ್ಲಿ ನನ್ ಮಾನ ಕಳೀಬ್ಯಾಡವ್ವ."

"ನಮ್ಮೋರ ಮಾನ ಕಳ್ದಾಗ ಅವ್ರಿಗೂ ಒಂದ್ ವಯಸ್ಸಿತ್ತು ಮೇಸ್ತ್ರಿ" ಎಂದೆ.

ಇವರು ನನ್ನನ್ನು ಒಳಗೆ ಹೋಗು ಎಂದರು. ಹೋಗಲಿಲ್ಲ. ಮೇಸ್ತ್ರಿಯೇ ಹೋದರು. ಅವತ್ತೇ ನಾನು ಗೂಡಿಗೆ ನಡೆದುಕೊಂಡು ಹೋಗಿ, ಲಾರಿಯವರಿಗೆಲ್ಲ ಇದ್ದದ್ದನ್ನು ಇದ್ದಂತೆ ಹೇಳಿದೆ. ಗಂಡನ ಪರ ಹೆಂಡತಿ ಮಾತಾಡದೆ ಇರುತ್ತಾಳೆಯೇ ಎಂಬಂತೆ ಕೇಳಿಸಿಕೊಂಡರು. ಒಬ್ಬ ಹೇಳಿಯೂ ಬಿಟ್ಟ, "ಮೇಸ್ತ್ರಿ ಬಾಯಲ್ಲಿ ಬರ್ಲಿ ಬುಡಕ್ಕ." ಭಾವನವರ ಮನೆಗೂ ಹೋದೆ. ಅವರು, "ಲಾರೀನೇ ಒಂಟೋಯ್ತು, ಈಗ್ಯಾಕವ್ವ ಅದೆಲ್ಲ" ಎಂದರು. ನಂಬಲಿಲ್ಲವೆಂದಲ್ಲ, ನಂಬಿದರೆ ತಮ್ಮನ ಮನೆ ಬಾಗಿಲಿಗೆ ಬರಬೇಕಾಗುತ್ತಿತ್ತು.

ಅದಾಗಿ ವರ್ಷ ತುಂಬುವ ಮುಂಚೆ ಮೇಸ್ತ್ರಿ ಶೆಡ್ಡಿನಲ್ಲೇ ಎದೆನೋವು ಬಂದು ತೀರಿಕೊಂಡರು. ಸುದ್ದಿ ಬಂದಾಗ ಇವರು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದರು. ಹೋಗಿ ಹೆಣಕ್ಕೆ ಹೆಗಲು ಕೊಟ್ಟು, ಕಪಿಲೆಯಲ್ಲಿ ಮುಳುಗೆದ್ದು ಒದ್ದೆ ಬಟ್ಟೆಯಲ್ಲೇ ಬಂದರು. ನಾನು ಹೋಗಲಿಲ್ಲ. ಹೋಗದಿದ್ದುದಕ್ಕೆ ನನಗೆ ಪಶ್ಚಾತ್ತಾಪವೂ ಇಲ್ಲ. ಕೆಲವು ದಿನದ ನಂತರ ಬಸ್ಸಿನಲ್ಲಿ ಹೋಗುವಾಗ ಸರ್ಕಲ್ಲಿನಲ್ಲಿ ಅವರ ಫ್ಲೆಕ್ಸ್ ನೋಡಿದೆ. ಒಗೆದ ಅಂಗಿ, ಹಣೆಗೆ ವಿಭೂತಿ, ಕೆಳಗೆ ಲಾರಿ ಮಾಲೀಕರು ಮತ್ತು ಚಾಲಕರ ಶ್ರದ್ಧಾಂಜಲಿ. ಚಾಲಕರು ಎಂಬ ಆ ಒಂದು ಪದ ನೋಡಿ ನನಗೆ ಬಸ್ಸಿನಿಂದ ಇಳಿದು ಅದನ್ನು ಹರಿದು ಹಾಕಬೇಕೆನಿಸಿತು... ಇಳಿಯಲಿಲ್ಲ. ಯಾರ ಎದುರು ಹರಿಯುವುದು?

ಈಗ ಇವರು ಒಂದು ಸ್ಕೂಲ್ ವ್ಯಾನ್ ಓಡಿಸುತ್ತಾರೆ. ಗೂಡಿನ ಕಡೆಯ ಆ ಮಾತು ಗೊತ್ತಿಲ್ಲದ ಹೊಸ ಜನ ಕೊಟ್ಟ ಕೆಲಸ. ಮಕ್ಕಳೆಂದರೆ ಇವರಿಗೆ ಪ್ರಾಣ. ಆದರೆ ಹಳೆಯ ಲಾರಿಯವರು ಟೀ ಅಂಗಡಿಯಲ್ಲಿ ಸಿಕ್ಕಿದರೆ ಇವತ್ತಿಗೂ ಇವರು ಗ್ಲಾಸು ಹಿಡಿದು ಸ್ವಲ್ಪ ಆಚೆಗೇ ನಿಲ್ಲುತ್ತಾರೆ.

ಮೊನ್ನೆ ಒಂದು ಮದುವೆಗೆ ಇಬ್ಬರೂ ನಂಜನಗೂಡಿಗೆ ಹೋಗಿದ್ದೆವು. ಆ ಶೆಡ್ಡಿನ ಜಾಗದಲ್ಲಿ ಈಗ ಟೈಲ್ಸ್ ಅಂಗಡಿ ಇದೆ. ಬಸ್ಸು ಅದನ್ನು ದಾಟುವಾಗ ಇವರು ಕಿಟಕಿಯ ಕಡೆ ತಿರುಗಿ, ಯಾರಿಗೂ ಕಾಣದಂತೆ ಕೈಮುಗಿದರು. ನಾನು ಇನ್ನೊಂದು ಪಕ್ಕಕ್ಕೆ ಮುಖ ತಿರುಗಿಸಿದೆ.

"ಸತ್ತವ್ರ ಮೇಲೆ ಇನ್ನೂ ಎಷ್ಟು ದಿವ್ಸ ಇಟ್ಕಂಡಿರ್ತೀಯೆ?" ಎಂದರು ಮೆಲ್ಲಗೆ.

"ನೀವು ಬುಟ್ಬುಟ್ರಲ್ಲ" ಎಂದೆ. "ಯಾರಾದ್ರೂ ಒಬ್ರು ಇಟ್ಕಬೇಕಲ್ಲ."

ಇವರು ನನ್ನ ಕೈ ಮೇಲೆ ಕೈ ಇಟ್ಟರು. ನಾನು ಎಳೆದುಕೊಳ್ಳಲಿಲ್ಲ.

ನಿಜ ಹೇಳಬೇಕೆಂದರೆ, ಸಿಟ್ಟು ಒಂಚೂರೂ ಕಡಿಮೆಯಾಗಿಲ್ಲ. ಮೇಸ್ತ್ರಿ ಬದುಕಿದ್ದರೆ ನಾನು ವಾರಕ್ಕೊಮ್ಮೆಯಾದರೂ ಬಸ್ ಹತ್ತಿ ಹೋಗಿ ಆ ಶೆಡ್ಡಿನ ನಡುವೆ ನಿಂತು, ಅವರು ಎಲ್ಲರೆದುರು ಒಪ್ಪಿಕೊಳ್ಳುವವರೆಗೂ ಕೇಳುತ್ತಿದ್ದೆ. ಒಂದಲ್ಲ ಒಂದು ದಿನ ಅವರು ನಾಲ್ಕು ಜನರೆದುರು ಹೇಳಿಯೇ ಹೇಳುತ್ತಿದ್ದರು. ಅಷ್ಟು ಒಳ್ಳೆಯತನ ಅವರಲ್ಲಿತ್ತು, ನನಗೆ ಗೊತ್ತು. ಆ ದಿನ ಬರುವ ಮುಂಚೆಯೇ ಹೋಗಿಬಿಟ್ಟರು. ಬೈಯುವುದಕ್ಕಾದರೂ ಅವರು ಇರಬೇಕಿತ್ತು.